ನಡೆಯುವ ಮಿಶಿನ್ ಮತ್ತು ಅರವತ್ತನಾಲ್ಕು ವಾಕ್ಯಗಳು

ಟೈಲರಮ್ಮನ ಮನೆಯ ವಾಷಿಂಗ್ ಮಿಶಿನ್‌ಗೆ ವಾಕಿಂಗ್ ಚಟ ಹತ್ತಿತ್ತು. ಡಾಕ್ಟರು ಎಷ್ಟು ಬೈದರೂ ಬೆಳಿಗ್ಗೆ ಎದ್ದು ನಾಲ್ಕು ಹೆಜ್ಜೆ ಹಾಕದ ಗಂಡ ಒಂದು ಕಡೆ, ಕಟ್ಟಿಹಾಕಿದರೂ ನಿಲ್ಲದ ಮಿಶಿನ್ ಇನ್ನೊಂದು ಕಡೆ. ಎರಡನ್ನೂ ಒಂದೇ ಸೂರಿನಡಿ ಸಂಭಾಳಿಸುವುದು ಅವಳ ಹಣೆಬರಹವಾಗಿತ್ತು. ತೊಳೆಯುವವರೆಗೂ ಮಿಶಿನ್ ಸಾಧುಪ್ರಾಣಿ. ಹಿಂಡುವ ಹೊತ್ತು ಬಂತೋ, ಚಳಿಜ್ವರ ಬಂದವರ ಹಾಗೆ ಗಡಗಡ ನಡುಗಿ, ಬಚ್ಚಲುಮನೆಯ ಮೂಲೆ ಬಿಟ್ಟು, ನೀರಿನ ಪೈಪನ್ನು ಬಾಲದ ಹಾಗೆ ಎಳೆದುಕೊಂಡು ಬಾಗಿಲವರೆಗೆ ನಡೆದು, ಹೊಸ್ತಿಲಿಗೆ ಡಿಕ್ಕಿ ಹೊಡೆದು ನಿಲ್ಲುತ್ತಿತ್ತು. (ಹೊಸ್ತಿಲೊಂದು ಇಲ್ಲದಿದ್ದರೆ ಇಷ್ಟು ಹೊತ್ತಿಗೆ ಬಸ್ ಸ್ಟ್ಯಾಂಡ್ ಮುಟ್ಟಿರುತ್ತಿತ್ತು.)

ಅದನ್ನು ತಡೆಯಲು ಅವಳಿಗೆ ಗೊತ್ತಿದ್ದದ್ದು ಒಂದೇ ಉಪಾಯ: ಹಿಂಡುವ ಎಂಟು ನಿಮಿಷ ಅದರ ಮೇಲೆ ಹತ್ತಿ ಕೂರುವುದು. ಕೂತವಳು ಸುಮ್ಮನೆ ಕೂರಬಾರದೆಂದು ಗಿರಾಕಿಗಳ ಅಂಗಿಗೆ ಗುಂಡಿ ಹಾಕಲು ಹೋಗಿ, ಒಂದು ಗುಂಡಿಗೆ ಮೂರು ಸಲ ಬೆರಳು ಚುಚ್ಚಿಕೊಂಡಿದ್ದಳು.

ಮನೆಯಲ್ಲೇ ಹೊಲಿಗೆ ನಡೆಸುವವಳಿಗೆ ಮಿಶಿನ್ ಶೋಕಿಯಲ್ಲ. ಹೊಸ ಬಟ್ಟೆಯನ್ನು ಒಮ್ಮೆ ಒಗೆದು, ಅದು ಕುಗ್ಗುವಷ್ಟು ಕುಗ್ಗಿದ ಮೇಲೆ ಕತ್ತರಿ ಹಾಕಬೇಕು; ಇಲ್ಲದಿದ್ದರೆ ಅಪ್ಪನಿಗೆ ಹೊಲಿದ ಅಂಗಿ ಎರಡನೇ ಒಗೆತಕ್ಕೆ ಮಗನಿಗೆ ಆಗುತ್ತದೆ. ಹೀಗೆ ಒಗೆಯಲು ಹಾಕಿದ್ದ ಹಲ್ಲಿನ ಡಾಕ್ಟರ ಮನೆಯ ಪರದೆ ಬಟ್ಟೆಯನ್ನು, ಅವಳು ಬಾಗಿಲಿಗೆ ಯಾರೋ ಬಂದರೆಂದು ಇಳಿದು ಹೋದ ಎರಡೇ ನಿಮಿಷದಲ್ಲಿ, ಮಿಶಿನ್ ನಾಲ್ಕು ಮೀಟರಿನಷ್ಟು ಅಗಿದು ಚಿಂದಿ ಮಾಡಿಬಿಟ್ಟಿತು. ಆವತ್ತು ಅವಳು ಅತ್ತಳು. ಅತ್ತು ಮುಗಿಸಿ, ಮುಖ ತೊಳೆದು, ಗಂಡ ಬರುವುದನ್ನೇ ಕಾಯುತ್ತ ಕೂತಳು.

ಗಂಡನನ್ನು ಆಫೀಸಿನಲ್ಲಿ ಕರೆಯುತ್ತಿದ್ದದ್ದು ‘ರೆಫರೆನ್ಸ್ ಸಾಹೇಬರು’ ಎಂದು. ಅವರು ಯಾವ ಕಾಗದವನ್ನೂ ‘ವಿತ್ ರೆಫರೆನ್ಸ್ ಟು ಯುವರ್ ಲೆಟರ್’ ಎಂಬ ಪೀಠಿಕೆ ಇಲ್ಲದೆ ಶುರು ಮಾಡಿದವರಲ್ಲ. ಈ ಮಿಶಿನ್ ಮಾಡುವ ಕಂಪನಿಯಲ್ಲೇ ಅವರು ದೂರು ವಿಭಾಗದ ಹೆಡ್ ಕ್ಲರ್ಕು. ಇಪ್ಪತ್ತೆಂಟು ವರ್ಷದ ಸರ್ವೀಸಿನಲ್ಲಿ ಅವರು ಕಂಡುಕೊಂಡ ಪರಮಸತ್ಯವೆಂದರೆ, ಇಂಗ್ಲಿಷಿನಲ್ಲಿ ಮನುಷ್ಯ ಮನುಷ್ಯನಿಗೆ ಹೇಳಬೇಕಾದದ್ದೆಲ್ಲ ಅರವತ್ತನಾಲ್ಕು ವಾಕ್ಯಗಳಲ್ಲಿ ಮುಗಿಯುತ್ತದೆ ಎಂಬುದು. ಆ ಅರವತ್ತನಾಲ್ಕಕ್ಕೂ ನಂಬರು ಕೊಟ್ಟು, ಕಪ್ಪು ರಟ್ಟಿನ ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದು, ಒಂದು ಪ್ರತಿ ಆಫೀಸಿನಲ್ಲಿ, ಒಂದು ಪ್ರತಿ ಮನೆಯಲ್ಲಿ ಇಟ್ಟಿದ್ದರು. ಟೈಪಿಸ್ಟಿಗೆ ಅವರು ಕಾಗದ ಹೇಳುತ್ತಲೇ ಇರಲಿಲ್ಲ. “ಒಂದು, ಹದಿನಾಲ್ಕು, ಇಪ್ಪತ್ತೆರಡು, ಅರವತ್ತನಾಲ್ಕು” ಎಂದರೆ ಸಾಕು, ಒಬ್ಬ ಗಿರಾಕಿಯ ದುಃಖ ನಾಲ್ಕು ಸಾಲಿನಲ್ಲಿ ಶಮನವಾಗಿ, ಕೊನೆಗೆ ‘ಯುವರ್ಸ್ ಫೇತ್‌ಫುಲಿ’ ಆಗಿ ಅಂಚೆಗೆ ಬೀಳುತ್ತಿತ್ತು.

“ರೀ, ಈ ಮಿಶಿನ್ ಬದಲಾಯಿಸಿ ಕೊಡೋಕೆ ಹೇಳ್ರೀ ನಿಮ್ಮ ಆಫೀಸಲ್ಲಿ. ನನ್ನ ಕೈಲಿ ಇನ್ನು ಆಗಲ್ಲ.”

ಸಾಹೇಬರು ಬೂಟಿನ ಲೇಸು ಬಿಚ್ಚುತ್ತ, “ನಿನ್ನ ಕೋರಿಕೆಗೆ ಸಂಬಂಧಿಸಿದಂತೆ ಹೇಳೋದಾದ್ರೆ, ಇದು ಸ್ಟಾಫ್‌ಗೆ ಅರ್ಧ ಬೆಲೆಗೆ ಕೊಟ್ಟಿದ್ದು. ಇದಕ್ಕೆ ಗ್ಯಾರಂಟಿ ಇಲ್ಲ. ನೌಕರರ ಮನೆಯೋರು ದೂರು ಕೊಟ್ರೆ ನೌಕರನ ಮೇಲೇ ಆಕ್ಷನ್ ತಗೋತಾರೆ. ಸೂಪರಿಂಟೆಂಡೆಂಟ್ ಪೋಸ್ಟ್ ಇನ್ನೇನು ಬಾಯಿಗೆ ಬರೋ ಹೊತ್ತಲ್ಲಿ ನನ್ನ ಹೊಟ್ಟೆ ಮೇಲೆ ಹೊಡೀಬೇಡ” ಎಂದರು.

“ಹಂಗಾದ್ರೆ ಊರೋರ ದೂರೆಲ್ಲ ಕೇಳ್ತೀರಿ, ಹೆಂಡ್ತಿ ದೂರು ಕೇಳಲ್ಲ.”

“ದೂರು ಅಂದ್ರೆ ಬಾಯಲ್ಲಿ ಬೊಬ್ಬೆ ಹೊಡೆಯೋದಲ್ಲಮ್ಮ. ಅದು ಬರವಣಿಗೇಲಿ ಬರಬೇಕು, ಇಂಗ್ಲಿಷಲ್ಲಿ ಬರಬೇಕು, ಪಾಯಿಂಟ್ ಇರಬೇಕು. ನಿನಗೆ ಒಂದು ಲೆಟರ್ ಬರೆಯೋಕೆ ಬರುತ್ತಾ?”

ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುವುದು ಇದಕ್ಕೇ. ಟೈಲರಮ್ಮ ಮಾತಾಡಲಿಲ್ಲ. ಅವಳು ಮಾತಾಡದೆ ಇದ್ದರೆ ಒಳಗೆ ಏನೋ ಕತ್ತರಿಸುತ್ತಿದ್ದಾಳೆ ಎಂದು ಲೆಕ್ಕ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದರೂ ಸಾಹೇಬರಿಗೆ ಇದು ತಿಳಿದಿರಲಿಲ್ಲ.

ಮಾರನೆಯ ದಿನ ಅವರು ಬಸ್ಸು ಹತ್ತಿದ್ದೇ ತಡ, ಅವಳು ಕಾಗದ, ಪೆನ್ನು ಹಿಡಿದು ಕೂತಳು. ಹೈಸ್ಕೂಲಿನವರೆಗೆ ಓದಿದ ಇಂಗ್ಲಿಷನ್ನೆಲ್ಲ ತಳ ಕೆರೆದು ತೆಗೆದು ಬರೆದಳು: “ಸರ್, ಮೈ ಮಿಶಿನ್ ಈಸ್ ಗೋಯಿಂಗ್ ವಾಕಿಂಗ್ ಡೈಲಿ. ಐ ಆಮ್ ಸಿಟ್ಟಿಂಗ್. ಈವನ್ ದೆನ್ ಗೋಯಿಂಗ್. ಪ್ಲೀಸ್ ಕಮ್ ಅಂಡ್ ಸೀ.” ತನ್ನ ಹೆಸರು, ವಿಳಾಸ ಹಾಕುವ ಹಾಗಿರಲಿಲ್ಲ. ಹಿಂದಿನ ಬೀದಿಯಲ್ಲಿ ದಾರ, ಗುಂಡಿ, ಲೇಸು ಮಾರುವ ಗುಂಡಿಯಕ್ಕ ಅವಳ ಆಪ್ತೆ; ಸಾಹೇಬರು ಆ ಅಂಗಡಿಯ ಕಡೆ ತಲೆ ಹಾಕಿದವರಲ್ಲ. ಆಕೆಯ ಹೆಸರು, ಆಕೆಯ ಅಂಗಡಿಯ ವಿಳಾಸ ಹಾಕಿ ಅಂಚೆಗೆ ಬಿಟ್ಟಳು. ಅಕ್ಷರದ ಗುರುತು ಹತ್ತುವ ಭಯವೇನೂ ಇರಲಿಲ್ಲ. ಅವಳು ಇಂಗ್ಲಿಷಿನಲ್ಲಿ ಬರೆದದ್ದನ್ನು ಗಂಡ ಹುಟ್ಟಿದಮೇಲೆ ನೋಡಿಯೇ ಇರಲಿಲ್ಲ.

“ಜೈಲಿಗೆ ಗೀಲಿಗೆ ಹಾಕಲ್ಲ ತಾನೆ?” ಎಂದು ಗುಂಡಿಯಕ್ಕ ಒಂದೇ ಒಂದು ಪ್ರಶ್ನೆ ಕೇಳಿದಳು.

“ಹಾಕಿದ್ರೆ ಇಬ್ರೂ ಹೋಗಣ ಬಿಡಕ್ಕ. ಅಲ್ಲಾದ್ರೂ ಬಟ್ಟೆ ಅವರೇ ಒಗೀತಾರೆ.”

ಮೂರನೆಯ ದಿನ ರೆಫರೆನ್ಸ್ ಸಾಹೇಬರು ಎಂದೂ ಇಲ್ಲದ ಹುರುಪಿನಲ್ಲಿ ಮನೆಗೆ ಬಂದರು. ಊಟಕ್ಕೆ ಕೂತವರು ಜೇಬಿನಿಂದ ಕಾಗದವೊಂದನ್ನು ತೆಗೆದು, “ಕೇಳಿಲ್ಲಿ, ಕೇಳಿಲ್ಲಿ! ಯಾವಳೋ ಗುಂಡಿ ಅಂಗಡಿಯವಳಂತೆ. ಮಿಶಿನ್ ಈಸ್ ಗೋಯಿಂಗ್ ವಾಕಿಂಗ್!” ಎಂದು ಓದಿ ನಕ್ಕರು. “ಐ ಆಮ್ ಸಿಟ್ಟಿಂಗ್” ಎನ್ನುವಾಗ ತುತ್ತು ನೆತ್ತಿಗೇರಿತು. ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ, “ಇಡೀ ಸೆಕ್ಷನ್ನೇ ಬಿದ್ದು ಬಿದ್ದು ನಕ್ತು ಕಣೇ. ವಾಕಿಂಗ್‌ಗೆ ನಾಯೀನೂ ಜೊತೆಗೆ ಕರ್ಕೊಂಡು ಹೋಗುತ್ತಾ ಅಂತ ಕೇಳಬೇಕು” ಎಂದರು.

ಟೈಲರಮ್ಮ ನೀರಿನ ಲೋಟ ಕೊಟ್ಟಳು. ಅವಳ ಕಿವಿ ಕಾದ ಇಸ್ತ್ರಿಪೆಟ್ಟಿಗೆಯಂತಾಗಿತ್ತು. ಅವಮಾನ ಅಂದರೆ ಏನೆಂದು ಅವಳಿಗೆ ಆ ಕ್ಷಣದಲ್ಲಿ ಚೆನ್ನಾಗಿ ತಿಳಿಯಿತು.

“ಅದಕ್ಕೆ ಏನಂತ ಉತ್ತರ ಕೊಟ್ರಿ?”

“ಒಂದು, ಒಂಬತ್ತು, ಅರವತ್ತನಾಲ್ಕು.”

ಗುಂಡಿಯಕ್ಕನ ಅಂಗಡಿಗೆ ಬಂದ ಒಂದು-ಒಂಬತ್ತು-ಅರವತ್ತನಾಲ್ಕನ್ನು ಅವಳು ಮನೆಗೆ ತಂದು, ಗಂಡನ ಕಪ್ಪು ನೋಟ್‌ಬುಕ್ಕನ್ನು ಪಕ್ಕದಲ್ಲಿಟ್ಟುಕೊಂಡು ಓದಿದಳು. ‘ನಿಮ್ಮ ಪತ್ರಕ್ಕೆ ಸಂಬಂಧಿಸಿದಂತೆ, ವಿಷಯವನ್ನು ಗಮನಿಸಲಾಗಿದೆ ಎಂದು ತಿಳಿಸಲು ಇಚ್ಛಿಸುತ್ತೇವೆ’ ಎಂಬುದು ಅದರ ಸಾರ. ಹತ್ತು ಸಲ ಓದಿದರೂ ಅದರಲ್ಲಿ ಏನೂ ಇರಲಿಲ್ಲ. ಏನೂ ಇಲ್ಲದೆಯೂ ಎಷ್ಟು ಗಂಭೀರವಾಗಿತ್ತು! ಅವಳು ನೋಟ್‌ಬುಕ್ಕಿನ ಪುಟ ತಿರುವಿದಳು. ‘ಇಟ್ ಈಸ್ ರಿಗ್ರೆಟೆಡ್ ದಟ್’ ಎಂದು ಬರೆದು ಮುಂದೆ ಚುಕ್ಕಿ ಚುಕ್ಕಿ. ‘ಇನ್ ಸ್ಪೈಟ್ ಆಫ್ ದ ಫ್ಯಾಕ್ಟ್ ದಟ್’ ಎಂದು ಬರೆದು ಮತ್ತೆ ಚುಕ್ಕಿ ಚುಕ್ಕಿ. ಚುಕ್ಕಿಯ ಜಾಗದಲ್ಲಿ ಮಿಶಿನ್ ಹಾಕು, ಮಳೆ ಹಾಕು, ಮಾವನ ಮದುವೆ ಹಾಕು, ವಾಕ್ಯ ಮಾತ್ರ ಅಲ್ಲಾಡುವುದಿಲ್ಲ.

ಆಗ ಅವಳ ತಲೆಯಲ್ಲಿ ದೀಪ ಹತ್ತಿತು. “ಅಯ್ಯೋ, ಇಷ್ಟೇನಾ! ಇದು ಪೇಪರ್ ಕಟಿಂಗು!”

ಅವಳ ಹೊಲಿಗೆ ಮಿಶಿನ್ನಿನ ಮೇಲಿನ ಮೊಳೆಗೆ ಕಂದು ಕಾಗದದ ಕಟಿಂಗುಗಳು ನೇತಾಡುತ್ತಿದ್ದವು: ಕಾಲರು, ತೋಳು, ಜೇಬು. ಗಿರಾಕಿ ಯಾರೇ ಇರಲಿ, ಬಟ್ಟೆ ಯಾವುದೇ ಇರಲಿ, ಕಟಿಂಗ್ ಇಟ್ಟು ಬಳಪದಲ್ಲಿ ಗೆರೆ ಎಳೆದರೆ ಕಾಲರು ಕಾಲರೇ. ಇಂಗ್ಲಿಷೂ ಹಾಗೇ ಎಂದು ತಿಳಿದ ಮೇಲೆ ಅವಳಿಗೆ ಎಲ್ಲೆಲ್ಲೂ ಕಟಿಂಗುಗಳೇ ಕಾಣತೊಡಗಿದವು. ಔಷಧಿ ಬಾಟಲಿಯ ಹಿಂದೆ ‘ಮಕ್ಕಳ ಕೈಗೆ ಸಿಗದಂತೆ ಇಡಿ’ ಎನ್ನುವುದು ಒಂದು ಅಳತೆ. ಅದೇ ಅಳತೆ ಸೊಳ್ಳೆ ಬತ್ತಿಯ ಡಬ್ಬಿಗೂ, ಇಲಿ ಪಾಷಾಣಕ್ಕೂ. ಬ್ಯಾಂಕಿನವರ ಕಾಗದ, ಶಾಲೆಯವರ ಕಾಗದ, ಲೈಟ್ ಕಂಪನಿಯವರ ನೋಟೀಸು, ಎಲ್ಲವೂ ಒಬ್ಬನೇ ಟೈಲರನ ಹತ್ತಿರ ಹೊಲಿಸಿದ ಹಾಗಿದ್ದವು. ಪರದೆಗೆ ಅಂಚು ಹೊಲಿಯುತ್ತ ಅವಳು ‘ಕೈಂಡ್ಲಿ ಡು ದ ನೀಡ್‌ಫುಲ್ ಅಟ್ ದ ಅರ್ಲಿಯಸ್ಟ್’ ಎಂದು ಗುನುಗುತ್ತಿದ್ದಳು.

ಎರಡನೆಯ ಕಾಗದ ಹೋಯಿತು. “ವಿತ್ ರೆಫರೆನ್ಸ್ ಟು ಯುವರ್ ಲೆಟರ್” ಎಂದು ಶುರುವಾಗಿ, “ಇನ್ ಸ್ಪೈಟ್ ಆಫ್ ದ ಫ್ಯಾಕ್ಟ್ ದಟ್” ತಾನು ಮಿಶಿನ್ನಿನ ಮೇಲೆ ಕೂತಿದ್ದರೂ ಅದು ನಡೆಯುತ್ತಿದೆ ಎಂದು ಬಣ್ಣಿಸಿ, “ಇಟ್ ಈಸ್ ರಿಗ್ರೆಟೆಡ್ ದಟ್” ಕಂಪನಿ ಕಣ್ಣು ಮುಚ್ಚಿಕೊಂಡಿದೆ ಎಂದು ಚುಚ್ಚಿತ್ತು.

ಸಾಹೇಬರು ಆವತ್ತು ನಗುತ್ತ ಬರಲಿಲ್ಲ. “ಆ ಗುಂಡಿ ಅಂಗಡಿಯವಳು ಯಾರನ್ನೋ ಹಿಡಿದು ಬರೆಸ್ತಿದಾಳೆ ಕಣೇ. ರಿಟೈರ್ಡ್ ಲಾಯರ್ ಇರಬೇಕು. ನಾನು ಬಿಡಲ್ಲ, ಮಿಶಿನ್ ನಂಬರ್ ಕೇಳಿದೀನಿ.”

ಮಿಶಿನ್ ನಂಬರು ಬರೆದರೆ ರಿಜಿಸ್ಟರಿನಲ್ಲಿ ಗಂಡನ ಹೆಸರೇ ಸಿಗುತ್ತದೆ. ಆದರೆ ಕತ್ತರಿ ಹಿಡಿದ ಕೈ ಹೆದರಿದರೆ ಬಟ್ಟೆ ಹಾಳು. ಅವಳು ಬರೆದಳು: ನಿಮ್ಮ ಮಿಶಿನ್ ದಿನಾ ನಡೆದು ನಡೆದು ಗೋಡೆಗೆ ಉಜ್ಜಿ ನಂಬರಿನ ತಗಡು ಸವೆದುಹೋಗಿದೆ; ಆದ್ದರಿಂದ ಈ ನಷ್ಟಕ್ಕೂ ನೀವೇ ಹೊಣೆ ಎಂಬುದನ್ನು ‘ಪ್ಲೀಸ್ ನೋಟ್’.

ರೆಫರೆನ್ಸ್ ಸಾಹೇಬರಿಗೆ ಊಟ ಸೇರಲಿಲ್ಲ. “ಏನು ಪಾಯಿಂಟು! ಏನು ಪಾಯಿಂಟು!” ಎಂದು ತಟ್ಟೆಯ ಮುಂದೆ ಕೂತು ತಲೆ ಆಡಿಸಿದರು. “ಮೂರು ಉತ್ತರ ಕೊಟ್ರೂ ಮುಚ್ಚದ ಫೈಲು ಮ್ಯಾನೇಜರ್ ಹತ್ರ ಹೋಗುತ್ತೆ. ಇನ್ನು ಒಂದು ಕಾಗದ ಬಂದ್ರೆ ನಾನು ಕೆಟ್ಟೆ. ಪುಣ್ಯಕ್ಕೆ ಅವಳಿಗೆ ಒಂದು ವಿಷಯ ಗೊತ್ತಿಲ್ಲ. ‘ಸ್ಥಳ ಪರೀಕ್ಷೆ ಮಾಡಿಸಿ’ ಅಂತ ಒಂದೇ ಒಂದು ಮಾತು ಬರೆದುಬಿಟ್ರೆ ನಾವು ಹೋಗಲೇಬೇಕು. ನಡೆಯೋದು ಕಣ್ಣಿಗೆ ಬಿದ್ರೆ ಹೊಸ ಮಿಶಿನ್ ಕೊಡಲೇಬೇಕು.”

“ಹೌದಾ?” ಎಂದಳು ಟೈಲರಮ್ಮ. “ಅದನ್ನ ಇಂಗ್ಲಿಷಲ್ಲಿ ಹೇಗನ್ನೋದು?”

“ನಲವತ್ತೊಂದು. ನಿನಗ್ಯಾಕೆ ಅದು? ಇನ್ನೊಂದು ಸೌಟು ಬಡಿಸು.”

ನಲವತ್ತೊಂದು ಮಾರನೆಯ ದಿನವೇ ಹೊರಟಿತು.

ಅದು ಬಂದ ಸಂಜೆಯಿಂದ ಸಾಹೇಬರ ವರಸೆಯೇ ಬದಲಾಯಿತು. ಫೈಲು ಮ್ಯಾನೇಜರ ಮೇಜಿಗೆ ಹೋಯಿತು. ಮ್ಯಾನೇಜರು, “ಇಂಥ ಕಾಗದ ನಮ್ಮ ಆಫೀಸಿನಲ್ಲಿ ಬರೆಯೋರು ಒಬ್ಬರೂ ಇಲ್ಲವಲ್ಲ” ಎಂದರಂತೆ. ಖುದ್ದು ಹೋಗಿ ಪರೀಕ್ಷೆ ಮಾಡಿ ಬರಬೇಕೆಂದು ಸಾಹೇಬರಿಗೇ ಆರ್ಡರು ಮಾಡಿದರಂತೆ. ಬೈಗುಳ ತಿಂದವರು ಕೊರಗಬೇಕಿತ್ತು. ಇವರಿಗೆ ಕಾಗದ ಬರೆದವಳ ಮೇಲೆ ಭಕ್ತಿ ಹುಟ್ಟಿಬಿಟ್ಟಿತು.

“ಲಾಯರೂ ಅಲ್ಲ, ಗೀಯರೂ ಅಲ್ಲ. ಆ ಮೇಡಂ ತಾನೇ ಬರೀತಾರೆ. ಓದಿದ್ರೆ ಗೊತ್ತಾಗುತ್ತೆ. ಎಂಥ ಸಂಸ್ಕಾರ! ಒಂದು ಬಿರುನುಡಿ ಇಲ್ಲ, ಆದ್ರೂ ಪ್ರತಿ ಸಾಲೂ ಚುರುಕ್ ಅನ್ನುತ್ತೆ. ಅಂಥವರ ಮನೆ ಎಷ್ಟು ಅಚ್ಚುಕಟ್ಟಾಗಿರಬೇಕು!” ಎಂದು ತಮ್ಮ ಮನೆಯನ್ನು ಸುತ್ತ ನೋಡಿದರು. ನೆಲದ ತುಂಬ ದಾರದ ಚೂರು, ಕುರ್ಚಿಯ ಮೇಲೆ ಯೂನಿಫಾರಂ ರಾಶಿ. ಒಂದು ನಿಟ್ಟುಸಿರು ಬಿಟ್ಟರು.

ಮೊದಲ ದಿನ ಟೈಲರಮ್ಮನಿಗೆ ಮೈಯೆಲ್ಲ ಸಕ್ಕರೆಯಾಯಿತು. ಎರಡನೆಯ ದಿನವೂ ಹಿತವೆನಿಸಿತು. ಮೂರನೆಯ ದಿನ, “ನೀನೂ ಇದೀಯ, ಆ ಮೇಡಂನ ನೋಡಿ ಕಲೀಬೇಕು” ಎಂದಾಗ ಮಾತ್ರ ಹೊಟ್ಟೆಯಲ್ಲಿ ಕೆಂಡ ಬಿದ್ದಿತು. ಹಿತ್ತಲ ಗಿಡ ಮದ್ದಲ್ಲ ಸರಿ. ಅದೇ ಗಿಡವನ್ನು ಹಿಂದಿನ ಬೀದಿಯಲ್ಲಿ ನೆಟ್ಟರೆ ಸಂಜೀವಿನಿಯೇ?

“ಮದುವೆ ಆಗಿದೆಯೋ ಇಲ್ವೋ, ಪಾಪ,” ಎಂದರು ಸಾಹೇಬರು.

“ಯಾರಿಗೆ?”

“ಮೇಡಂಗೆ.”

“ಆಗಿದೆ,” ಎಂದಳು ಅವಳು, ದಾರವನ್ನು ಹಲ್ಲಿನಿಂದ ಕಟಕ್ಕನೆ ಕತ್ತರಿಸಿ.

“ನಿನಗೆ ಹೇಗೆ ಗೊತ್ತು?”

“ಅಷ್ಟು ತಾಳ್ಮೆ ಮದುವೆ ಆಗದೋರಿಗೆ ಎಲ್ಲಿಂದ ಬರಬೇಕು?”

ಅದೂ ಸಾಲದೆಂದು, ಪರೀಕ್ಷೆಗೆ ಹೋಗಲು ಸಾಹೇಬರಿಗೆ ಹೊಸ ಅಂಗಿ ಬೇಕಾಯಿತು! ತಿಳಿನೀಲಿ ಬಟ್ಟೆ ತಂದು, “ಕಾಲರ್ ಸ್ವಲ್ಪ ಗಟ್ಟಿಯಾಗಿರಲಿ, ಜೇಬು ಒಂದೇ ಸಾಕು, ಎರಡಿದ್ರೆ ಕ್ಲರ್ಕ್ ಅನ್ಸುತ್ತೆ” ಎಂದು ಅಳತೆಗೆ ನಿಂತರು. ತನ್ನ ಗಂಡ ಇನ್ನೊಬ್ಬಳ ಮುಂದೆ ಚೆನ್ನಾಗಿ ಕಾಣಲೆಂದು ಹೆಂಡತಿಯೇ ಅಂಗಿ ಹೊಲಿಯಬೇಕು. ಆ ಇನ್ನೊಬ್ಬಳೂ ತಾನೇ! ಬೈಯಬೇಕೆಂದರೆ ಯಾರನ್ನು ಬೈಯುವುದು? ಅವಳು ಸಿಟ್ಟಿನಲ್ಲಿ ಟೇಪನ್ನು ಅವರ ಕುತ್ತಿಗೆಗೆ ಎಷ್ಟು ಬಿಗಿದಳೆಂದರೆ, ಸಾಹೇಬರು ಅರವತ್ತನಾಲ್ಕರಲ್ಲಿ ಇಲ್ಲದ ಒಂದು ಶಬ್ದ ಹೊರಡಿಸಿದರು.

ಪರೀಕ್ಷೆಯ ದಿನ ಬೆಳಿಗ್ಗೆ ಅವರು ಹೊಸ ಅಂಗಿ ತೊಟ್ಟು ಹೊರಟ ತಕ್ಷಣ ಕೈಗಾಡಿಯವನು ಬಂದ. ಮಿಶಿನ್ನನ್ನು ಹಗ್ಗ ಹಾಕಿ ಕಟ್ಟಿ, ಹಳೇ ಬೆಡ್‌ಶೀಟು ಹೊದಿಸಿ, ಹಿಂದಿನ ಬೀದಿಗೆ ಸಾಗಿಸಿದ್ದಾಯಿತು. ಟೈಲರಮ್ಮ ಮೊಳೆಯಲ್ಲಿ ತಗಡಿನ ಮೇಲಿನ ನಂಬರನ್ನು ಕೆರೆದು ಕೆರೆದು ಅಳಿಸಿದಳು. ಗುಂಡಿಯಕ್ಕನ ಅಂಗಡಿಯ ಹಿಂದೆ ಕೋಣೆ ಇತ್ತು. ಹೊಸದಾಗಿ ಹಾಕಿಸಿದ ಬಿಳಿ ಟೈಲ್ಸಿನ ನೆಲ ಫಳಫಳ ಹೊಳೆಯುತ್ತಿತ್ತು. ಮಿಶಿನ್ನನ್ನು ಅಲ್ಲಿ ನಿಲ್ಲಿಸಿ, ಪೈಪು ಜೋಡಿಸಿ, ಒದ್ದೆ ಬಟ್ಟೆ ತುಂಬಿದರು. ಏರ್ಪಾಡು ಇಷ್ಟೇ: ಗುಂಡಿಯಕ್ಕ ಮೇಡಂ ಆಗುವುದು, ಬಾಯಿ ತೆರೆಯದೆ ಇರುವುದು, ಟೈಲರಮ್ಮ ಲೇಸಿನ ಸುರುಳಿಗಳ ಬೀರುವಿನ ಹಿಂದೆ ಅವಿತಿರುವುದು, ಮಿಶಿನ್ ತನ್ನ ಕೆಲಸ ತಾನು ಮಾಡುವುದು, ಅಂದರೆ ನಡೆಯುವುದು.

ಹನ್ನೊಂದಕ್ಕೆ ಸರಿಯಾಗಿ ಸಾಹೇಬರು ಕಂಪನಿಯ ಮೆಕ್ಯಾನಿಕ್ಕನನ್ನು ಕರೆದುಕೊಂಡು ಬಂದರು. ಗುಂಡಿಯಕ್ಕನನ್ನು ಕಂಡು, ನಡು ಬಗ್ಗಿಸಿ, “ಮೇಡಂ, ತಮ್ಮ ಪತ್ರಗಳನ್ನು ಓದಿ ನಾನು ಧನ್ಯನಾದೆ” ಎಂದರು. ಗುಂಡಿಯಕ್ಕ ಬಾಯಿ ತೆರೆಯದೆ ತಲೆ ಆಡಿಸಿದಳು. ಬೀರುವಿನ ಹಿಂದೆ ಯಾರೋ ಹಲ್ಲು ಕಡಿದ ಸದ್ದಾಯಿತು.

ಮೆಕ್ಯಾನಿಕ್ಕು ಗುಂಡಿ ಒತ್ತಿದ. ಮಿಶಿನ್ ನೀರು ಕುಡಿಯಿತು, ತೊಳೆಯಿತು, ಜಾಲಿಸಿತು. ಕೊನೆಗೆ ಹಿಂಡುವ ಹೊತ್ತು ಬಂತು. ಟೈಲರಮ್ಮ ಲೇಸಿನ ಸಂದಿಯಿಂದ ಉಸಿರು ಬಿಗಿಹಿಡಿದು ನೋಡಿದಳು. ಮಿಶಿನ್ ಸಣ್ಣಗೆ ಗುಂಯ್‌ಗುಟ್ಟುತ್ತ, ಗುರುಗಳ ಮುಂದೆ ಕೂತ ಶಿಷ್ಯನಂತೆ, ಇದ್ದಲ್ಲೇ ಇತ್ತು. ಒಂದು ನಿಮಿಷವಾಯಿತು, ಎರಡಾಯಿತು, ನಾಲ್ಕಾಯಿತು. ಒಂದು ಅಂಗುಲವೂ ಅಲುಗಲಿಲ್ಲ. ಮೆಕ್ಯಾನಿಕ್ಕು ಒಂದು ಲೋಟ ನೀರು ತಂದು ಅದರ ನೆತ್ತಿಯ ಮೇಲೆ ಇಟ್ಟ. ಒಂದು ಹನಿ ತುಳುಕಲಿಲ್ಲ.

“ಚಿನ್ನದಂಥ ಮಿಶಿನ್ ಸಾರ್,” ಎಂದ ಅವನು.

ಆರು ತಿಂಗಳಿಂದ ಅದರ ಮೇಲೆ ಕೂತು ಸವೆದವಳಿಗೆ ಇನ್ನು ತಡೆಯಲಾಗಲಿಲ್ಲ. ಲೇಸಿನ ಸುರುಳಿಗಳನ್ನು ಕೆಡವಿಕೊಂಡು ಈಚೆಗೆ ಬಂದವಳೇ ಮಿಶಿನ್ನಿಗೆ ಎರಡೂ ಕೈ ಕೊಟ್ಟು, “ನಡಿಯೇ! ನಡಿಯೇ ದರಿದ್ರದ್ದೇ! ದಿನಾ ಕುಣೀತಿದ್ದೋಳು ಇವತ್ತು ಏನು ನಾಚಿಕೆ ನಿನಗೆ? ನಡಿ ಅಂದ್ರೆ!” ಎಂದು ತಳ್ಳತೊಡಗಿದಳು.

“ಇವರ್ಯಾರು?” ಎಂದು ಮೆಕ್ಯಾನಿಕ್ಕು ಬೆಚ್ಚಿಬಿದ್ದ.

ಗುಂಡಿಯಕ್ಕನಿಗೆ ಗಾಬರಿಯಲ್ಲಿ ಏರ್ಪಾಡು ಮರೆತುಹೋಯಿತು. “ಕಾಗದ ಬರೆಯೋದು ಇವಳೇ ಕಣಪ್ಪ,” ಎಂದಳು.

ರೆಫರೆನ್ಸ್ ಸಾಹೇಬರು ಹೆಂಡತಿಯನ್ನು ನೋಡಿದರು, ಕೈಯಲ್ಲಿದ್ದ ಫೈಲು ನೋಡಿದರು, ಮಿಶಿನ್ ನೋಡಿದರು, ತಾವು ತೊಟ್ಟ ಹೊಸ ಅಂಗಿಯನ್ನೂ ಒಮ್ಮೆ ನೋಡಿಕೊಂಡರು. ಮುಖ ಮೊದಲು ಕೆಂಪಾಗಿ, ಆಮೇಲೆ ಅಂಗಿಯ ಬಣ್ಣಕ್ಕೇ ತಿರುಗಿತು.

“ಅಮ್ಮಾ, ದಿನಾ ಹಿಂಗೇ ತಳ್ತಿದ್ರಾ?” ಎಂದ ಮೆಕ್ಯಾನಿಕ್ಕು. “ಇಲ್ಲ ಅಂದ್ರೆ ಮೊದಲು ಬೇರೆ ಕಡೆ ಇಟ್ಟಿದ್ರಾ? ಮಿಶಿನ್ನಲ್ಲಿ ಏನೂ ದೋಷ ಇಲ್ಲ. ಇಟ್ಟ ನೆಲ ಡೊಂಕಿದ್ರೆ ಮಾತ್ರ ನಡೆಯುತ್ತೆ.”

ನೆಲ ಡೊಂಕು! ಬಚ್ಚಲುಮನೆಯ ನೆಲ ನೀರು ಹರಿಯಲೆಂದು ಬಾಗಿಲ ಪಕ್ಕದ ತೂಬಿನ ಕಡೆ ವಾಲಿರುವುದು ಅವಳ ಕಣ್ಣ ಮುಂದೆ ಬಂತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಜನ್ಮವಿಡೀ ಬೇರೆಯವರನ್ನು ಆಡಿಕೊಂಡಿದ್ದಳು. ನೆಲ ನಿಜವಾಗಿಯೂ ಡೊಂಕಿರಬಹುದೆಂದು ಒಂದು ದಿನವಾದರೂ ಬಗ್ಗಿ ನೋಡಿರಲಿಲ್ಲ. ‘ಹೌದಪ್ಪ, ನಮ್ಮ ಮನೇಲಿ ನಡೆಯುತ್ತೆ, ಬಾ ತೋರಿಸ್ತೀನಿ, ಬರೀ ಮಿಶಿನ್ ಕೊಟ್ಟು ನೆಲದ ವಿಷಯ ಹೇಳದೆ ಹೋದ್ರಲ್ಲ ನಿಮ್ಮೋರು’ ಎಂಬ ಮಾತು ನಾಲಿಗೆ ತುದಿಗೆ ಬಂತು. ಅಷ್ಟು ಹೇಳಿದ್ದರೆ ಅವಳೇ ಗೆಲ್ಲುತ್ತಿದ್ದಳು. ಆದರೆ ‘ನಮ್ಮ ಮನೆ’ ಅಂದರೆ ಯಾರ ಮನೆ?

ಮೆಕ್ಯಾನಿಕ್ಕನ ಬೆನ್ನ ಹಿಂದೆ ನಿಂತಿದ್ದ ಗಂಡ ಅವಳನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ದರ್ಪವಿರಲಿಲ್ಲ, ಹಾಸ್ಯವಿರಲಿಲ್ಲ. ಇಪ್ಪತ್ತೆಂಟು ವರ್ಷದ ಸರ್ವೀಸು ಅವಳ ನಾಲಿಗೆಯ ಮೇಲೆ ತೂಗುತ್ತಿದೆಯೆಂದು ಅವರಿಗೆ ಗೊತ್ತಿತ್ತು. ಕೈ ಮುಗಿಯುವುದೊಂದು ಬಾಕಿ. ಅವಳಿಗೆ ಆ ಮನುಷ್ಯನ ಮೇಲೆ ಕೋಪವೂ ಬಂತು, ಅಯ್ಯೋ ಪಾಪ ಎಂದೂ ಅನ್ನಿಸಿತು. ಪಾಪ ಅನ್ನಿಸಿದ್ದೇ ಹೆಚ್ಚಾಯಿತು.

“ನಾನೇ ತಳ್ತಿದ್ದೆ,” ಎಂದಳು. “ಕಾಗದ ಕೊಡಿ.”

ಫಾರಮ್ಮಿನ ಕೆಳಗೆ, ‘ಮಿಶಿನ್ ಸುಸ್ಥಿತಿಯಲ್ಲಿರುವುದು ಕಂಡುಬಂದಿದೆ, ದೂರೇನೂ ಇಲ್ಲ’ ಎಂದು ಐವತ್ತೆಂಟನೇ ವಾಕ್ಯವನ್ನು ತನ್ನ ಕೈಯಾರೆ, ಒಂದು ಅಕ್ಷರವೂ ತಪ್ಪದೆ ಇಂಗ್ಲಿಷಿನಲ್ಲಿ ಬರೆದು, ಗುಂಡಿಯಕ್ಕನಿಂದ ರುಜು ಹಾಕಿಸಿದಳು. ಹಾಕುವಾಗ ಗುಂಡಿಯಕ್ಕ, “ಜೈಲಿಲ್ಲ ತಾನೆ?” ಎಂದು ಮತ್ತೊಮ್ಮೆ ಕೇಳಿಕೊಂಡಳು.

ಮಿಶಿನ್ ಅದೇ ಕೈಗಾಡಿಯಲ್ಲಿ ಮನೆಗೆ ವಾಪಸು ಬಂತು. ಸಂಜೆ ಸಾಹೇಬರು ಬಂದವರು ಬೂಟು ಬಿಚ್ಚಲಿಲ್ಲ, ಕಾಫಿ ಕೇಳಲಿಲ್ಲ. ಕುರ್ಚಿಯ ಮೇಲಿನ ಯೂನಿಫಾರಂ ರಾಶಿಯನ್ನು ತಾವೇ ಎತ್ತಿ ಪಕ್ಕಕ್ಕಿಟ್ಟು ಕೂತರು. ಅವಳು ಬೈಗುಳಕ್ಕೆ ಸಿದ್ಧಳಾಗಿ, ತಿರುಗಿ ಬೈಯಲು ಇನ್ನೂ ಚೆನ್ನಾಗಿ ಸಿದ್ಧಳಾಗಿ ನಿಂತಳು.

“ನಾಲ್ಕು ಕಾಗದವನ್ನೂ ನೀನೇ ಬರೆದಿದ್ದಾ?”

“ಹೂಂ.”

“ಆ ನಂಬರ್ ಸವೆದುಹೋದ ಪಾಯಿಂಟು?”

“ನಂದೇ.”

ಸಾಹೇಬರು ಈಗ ಬೂಟಿನ ಲೇಸು ಬಿಚ್ಚತೊಡಗಿದರು. “ನಾನು ಇಪ್ಪತ್ತೆಂಟು ವರ್ಷ ಅದೇ ವಾಕ್ಯಗಳನ್ನ ಏನೂ ಕೊಡದೆ ಇರೋಕೆ ಬಳಸಿದೆ. ನೀನು ಕೇಳೋಕೆ ಬಳಸಿದೆ. ನಿನ್ನ ಕಾಗದದ ಮುಂದೆ ನಂದೇನೂ ಅಲ್ಲ ಕಣೇ,” ಎಂದರು. ಅವತ್ತು ಊಟದ ಹೊತ್ತಲ್ಲಿ ನಕ್ಕದ್ದಕ್ಕೆ ಕ್ಷಮೆಯನ್ನೂ ಕೇಳಿದರು. ನಂಬರು ಹಾಕದೆ, ಕನ್ನಡದಲ್ಲಿ, ತೊದಲುತ್ತ.

ಹೊಸ ಮಿಶಿನ್ ಸಿಗದಿದ್ದರೂ ಟೈಲರಮ್ಮನಿಗೆ ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಆ ನಿದ್ದೆ ಬಹಳ ದಿನ ಉಳಿಯಲಿಲ್ಲ.

ಯಾಕೆಂದರೆ ಅಷ್ಟು ಗಟ್ಟಿ ಗಿರಾಕಿಯಿಂದ ‘ದೂರೇನೂ ಇಲ್ಲ’ ಎಂದು ಬರೆಸಿಕೊಂಡು ಬಂದ ಧೀರನೆಂದು ಮ್ಯಾನೇಜರು ಸಾಹೇಬರನ್ನು ಸೂಪರಿಂಟೆಂಡೆಂಟ್ ಮಾಡಿದರು. ಜೊತೆಗೆ ಕಂಪನಿಯ ಅತಿ ಮೊಂಡ ಗಿರಾಕಿಗಳ ಫೈಲುಗಳನ್ನೆಲ್ಲ ಅವರ ಮೇಜಿಗೇ ಕಟ್ಟಿದರು. ಸಾಹೇಬರು ಆ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ನೇರ ಮನೆಗೆ ತಂದು, ಹೊಲಿಗೆ ಮಿಶಿನ್ನಿನ ಮೇಲೆ ಇಟ್ಟರು.

“ಇದೇನ್ರೀ?”

“ನಿನಗಿಂತ ಚೆನ್ನಾಗಿ ಯಾರು ಬರೀತಾರೆ ಹೇಳು? ದಿನಕ್ಕೆ ನಾಲ್ಕೇ ನಾಲ್ಕು. ನೀನು ಬರಿ, ನಾನು ಸೈನ್ ಹಾಕ್ತೀನಿ.”

ಹೊಗಳಿಕೆಗೆ ಕರಗದ ಹೆಣ್ಣು ಲೋಕದಲ್ಲಿ ಇದ್ದಾಳೋ ಏನೋ, ಟೈಲರಮ್ಮನಂತೂ ಅಲ್ಲ. ಮೇಲಿನ ಕಾಗದ ಬಿಚ್ಚಿದಳು. ಪಕ್ಕದ ಊರಿನ ಯಾವಳೋ ಗೃಹಿಣಿ ಬರೆದಿದ್ದಳು. ಇಂಗ್ಲಿಷು ಹರಿದ ಬಟ್ಟೆಯಂತಿತ್ತು. ತನ್ನ ಮಿಶಿನ್ ಹಿಂಡುವಾಗ ಜಿಗಿಯುತ್ತದೆ, ತಾನು ತಬ್ಬಿ ಹಿಡಿದುಕೊಳ್ಳುತ್ತೇನೆ, ಆದರೂ ಜಿಗಿಯುತ್ತದೆ ಎಂದು. ಟೈಲರಮ್ಮನಿಗೆ ನಗುವೂ ಬಂತು, ಕಣ್ಣೂ ತುಂಬಿತು. ‘ಗೊತ್ತು ತಾಯಿ, ನನ್ನದೂ ಅದೇ ಪಾಡು’ ಎನ್ನುವ ವಾಕ್ಯಕ್ಕಾಗಿ ಕಪ್ಪು ನೋಟ್‌ಬುಕ್ಕನ್ನು ಒಂದರಿಂದ ಅರವತ್ತನಾಲ್ಕರವರೆಗೆ ಹುಡುಕಿದಳು. ಅಂಥದ್ದೊಂದು ಇರಲಿಲ್ಲ. ಇದ್ದ ವಾಕ್ಯಗಳಲ್ಲೇ ಬರೆದಳು: ನಿಮ್ಮ ಪತ್ರಕ್ಕೆ ಸಂಬಂಧಿಸಿದಂತೆ, ದೋಷವು ಮಿಶಿನ್ನಿನದಲ್ಲ, ತಮ್ಮ ನೆಲದ್ದು ಎಂದು ತಿಳಿಸಲು ವಿಷಾದಿಸುತ್ತೇವೆ. ಬರೆದದ್ದು ಸತ್ಯವೇ ಆಗಿತ್ತು. ಇಂಗ್ಲಿಷೂ ಎಷ್ಟು ಚೆನ್ನಾಗಿ ಕೂತಿತ್ತೆಂದರೆ, ಅವಳೇ ಎರಡು ಸಲ ಓದಿಕೊಂಡಳು.

ವಾರದೊಳಗೆ ಅದಕ್ಕೆ ಮಾರುತ್ತರ ಬಂತು. ಸಾಹೇಬರು ಅದನ್ನು ತಂದಾಗ ಟೈಲರಮ್ಮ ಬಚ್ಚಲುಮನೆಯಲ್ಲಿದ್ದಳು. ಡೊಂಕು ನೆಲ ಸರಿಮಾಡಲೆಂದು ಸಾಹೇಬರು ಮಿಶಿನ್ನಿನ ಕಾಲಿಗೆ ಮರದ ಚೂರು ಕೊಟ್ಟಿದ್ದರಿಂದ ಅದು ಬಾಗಿಲ ಕಡೆ ನಡೆಯುವುದನ್ನು ಬಿಟ್ಟು ಗೋಡೆಗೆ ಗುದ್ದಲು ಶುರುಮಾಡಿತ್ತು. ಹಾಗಾಗಿ ಅವಳು ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಮೊಣಕೈವರೆಗೆ ಸೋಪಿನ ನೊರೆ ಮೆತ್ತಿಕೊಂಡು, ಹಲ್ಲಿನ ಡಾಕ್ಟರ ಮನೆಯ ಹೊಸ ಪರದೆ ಬಟ್ಟೆಯನ್ನು ಕೈಯಲ್ಲೇ ಕುಕ್ಕಿ ಕುಕ್ಕಿ ಒಗೆಯುತ್ತಿದ್ದಳು.

“ಏನಂತೆ?” ಎಂದಳು, ಬೆವರನ್ನು ಭುಜದಿಂದ ಒ‍ರೆಸಿಕೊಂಡು.

ಸಾಹೇಬರು ಬಾಗಿಲಲ್ಲಿ ನಿಂತು, ಆ ಹರುಕು ಇಂಗ್ಲಿಷನ್ನು ಕನ್ನಡ ಮಾಡಿ ಓದಿದರು:

“ಸ್ವಾಮಿ, ಫ್ಯಾನ್ ಕೆಳಗೆ ಕೂತು ದೊಡ್ಡ ದೊಡ್ಡ ಇಂಗ್ಲಿಷ್ ಬರೆಯೋದು ಸುಲಭ. ನಿಮ್ಮ ಜನ್ಮದಲ್ಲಿ ಒಂದೇ ಒಂದು ಬಟ್ಟೆಯನ್ನಾದರೂ ಒಗೆದಿದ್ದೀರಾ?”